ಕೀಲೆಣ್ಣೆ

ನಮ್ಮ ಅಜ್ಜನ ಎತ್ತಿನ ಗಾಡಿಯ ಅಚ್ಚಿನ ಬಳಿ ಒಂದು ಬಿದಿರಿನ ಗೊಟ್ಟ ಸದಾ ತೂಗುತ್ತಿತ್ತು. ಅದರಲ್ಲಿ, ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿಯನ್ನು ಕಲಸಿ ಮಾಡಿದ ಕೀಲೆಣ್ಣೆ. ಸಂತೆಗೆ ಹೊರಡುವ ಹಿಂದಿನ ಸಂಜೆ ಅಜ್ಜ ಕಡಾಣಿಯನ್ನು ಕಿತ್ತು, ಗಾಲಿಯನ್ನು ಅಷ್ಟು ಹೊರಕ್ಕೆ ಸರಿಸಿ, ಅಚ್ಚಿಗೆ ಎಣ್ಣೆ ಸವರುತ್ತಿದ್ದರು. ಗಾಡಿ ಕಿರುಗುಟ್ಟದೆ ಇರುವಾಗಲೂ ಹಚ್ಚುವುದೇಕೆಂದು ನಾನು ಒಮ್ಮೆ ಕೇಳಿದ್ದುಂಟು. “ಕಿರುಗುಟ್ಟಿದ ಮೇಲೆ ಹಚ್ಚುವುದು ಗಾಡಿಗಲ್ಲ ಮಗು, ನಮ್ಮ ಕಿವಿಗೆ” ಎಂದರು. ಆ ಮಾತಿನ ಪೂರ್ಣಾರ್ಥ ನನಗೆ ತಿಳಿದದ್ದು ಸುಮಾರು ಐವತ್ತು ವರ್ಷಗಳ ತರುವಾಯ, ಅದೂ ಅಮೆರಿಕದ ರಾಕಿ ಪರ್ವತಗಳ ಒಂದು ಇಳಿಜಾರಿನಲ್ಲಿ.

ಡೆನ್ವರ್ ನಗರದ ಸಮೀಪದ ಕಾಲೇಜೊಂದರಲ್ಲಿ ನಾನು ಬಹುಕಾಲ ರಸಾಯನಶಾಸ್ತ್ರವನ್ನು ಬೋಧಿಸಿದವನು. ಉಪಾಧ್ಯಾಯನಿಗೂ ಸಂಸಾರಿಗೂ ಅಷ್ಟಾಗಿ ಒಪ್ಪದ ಒಂದು ಚಪಲ ನನಗಿತ್ತು: ಇಬ್ಬರೇ ಕೂರುವ, ಮೇಲಿನ ಹೊದಿಕೆಯನ್ನು ಮಡಚಿ ಆಕಾಶವನ್ನು ನೋಡುತ್ತ ಓಡಿಸಬಹುದಾದ ಸ್ಪೋರ್ಟ್ಸ್ ಕಾರೊಂದು ನನ್ನದಾಗಬೇಕೆಂಬುದು. ಹೊಸದನ್ನು ಕೊಳ್ಳುವ ಶಕ್ತಿ ಇರಲಿಲ್ಲ. ೨೦೧೧ರ ವಸಂತದಲ್ಲಿ, ಫ್ಲಾರಿಡದ ಕಡಲ ತೀರದಿಂದ ಬಂದ, ೧೯೯೩ರ ಮಾಜ್ದಾ ಮಿಯಾಟ ಕಾರೊಂದು ಅಗ್ಗಕ್ಕೆ ದೊರೆಯಿತು. ಇದೇನೂ ಅಪರೂಪದ ವಸ್ತುವಲ್ಲ. ೧೯೮೯ರ ಫೆಬ್ರವರಿಯಲ್ಲಿ ಶಿಕಾಗೊ ಮೋಟಾರು ಪ್ರದರ್ಶನದಲ್ಲಿ ಮೊದಲು ಜನರ ಕಣ್ಣಿಗೆ ಬಿದ್ದ ಈ ಜಾತಿಯ ಕಾರುಗಳು ೨೦೧೬ರ ಏಪ್ರಿಲ್ ವೇಳೆಗೆ ಹತ್ತು ಲಕ್ಷ ತಯಾರಾಗಿದ್ದವು. ನನ್ನ ಪಾಲಿಗೆ ಬಂದದ್ದು ಆಗಲೇ ೧,೩೮,೦೦೦ ಮೈಲಿ ಓಡಿತ್ತು. ಮನುಷ್ಯರ ಲೆಕ್ಕದಲ್ಲಿ ಹೇಳುವುದಾದರೆ, ಷಷ್ಟ್ಯಬ್ದಿ ಮುಗಿಸಿದ ಗರಡಿಯಾಳು.

ಮುದಿ ಕಾರು ಕೊಂಡೆನೆಂದು ನಕ್ಕ ಮಿತ್ರರಿಗೆ ನಾನು ಒಬ್ಬ ಮಹನೀಯರ ಕಥೆಯನ್ನು ಹೇಳುತ್ತಿದ್ದೆ. ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ ಇರ್ವ್ ಗಾರ್ಡನ್ ಎಂಬ ವಿಜ್ಞಾನದ ಮೇಷ್ಟರಿದ್ದರು. ಅವರು ೧೯೬೬ರ ಜೂನ್ ೩೦ರಂದು ಕೆಂಪು ಬಣ್ಣದ ವೋಲ್ವೊ ಪಿ ೧೮೦೦ ಕಾರನ್ನು ಕೊಂಡರು. ಶಾಲೆಗೆ ಹೋಗಿ ಬರುವುದೇ ದಿನಕ್ಕೆ ೧೨೫ ಮೈಲಿ. ೧೯೮೭ರಲ್ಲಿ ಹತ್ತು ಲಕ್ಷ ಮೈಲಿ, ೨೦೦೨ರಲ್ಲಿ ಇಪ್ಪತ್ತು ಲಕ್ಷ, ೨೦೧೩ರ ಸೆಪ್ಟೆಂಬರಿನಲ್ಲಿ ಅಲಾಸ್ಕದ ರಸ್ತೆಯೊಂದರಲ್ಲಿ ಮೂವತ್ತು ಲಕ್ಷ! ಎಂಜಿನ್ನನ್ನು ಮೊದಲ ಬಾರಿ ಬಿಚ್ಚಿ ಹೊಸದಾಗಿ ಜೋಡಿಸಿದ್ದು ೬,೮೦,೦೦೦ ಮೈಲಿಗಳಾದ ಮೇಲೆ. ೨೦೧೮ರಲ್ಲಿ ಅವರು ತೀರಿಕೊಂಡಾಗಲೂ ಕಾರು ಗಟ್ಟಿಮುಟ್ಟಾಗಿತ್ತು. ಈ ಪವಾಡದ ಹಿಂದಿನ ಮಂತ್ರ ಬಲು ಸಪ್ಪೆಯದು: ಕಾರಿನೊಡನೆ ಕೊಟ್ಟ ಪುಸ್ತಕದಲ್ಲಿ ಯಾವ ಕೆಲಸವನ್ನು ಯಾವಾಗ ಮಾಡಬೇಕೆಂದಿತ್ತೋ ಅದನ್ನು ಆಗಲೇ ಮಾಡುವುದು, ಎಂಜಿನ್ನಿನ ಎಣ್ಣೆಯನ್ನು ಮೂರು, ಮೂರೂವರೆ ಸಾವಿರ ಮೈಲಿಗೊಮ್ಮೆ ತಪ್ಪದೆ ಬದಲಾಯಿಸುವುದು.

ನಾನೂ ಆ ಮೇಷ್ಟರ ಶಿಷ್ಯನೆಂದು ಬೀಗುತ್ತಿದ್ದೆ. ಹೊಸದರಲ್ಲಿ ಒಂದು ನೋಟ್‌ಬುಕ್ಕನ್ನು ತಂದು, ಮಾಡಿದ ಕೆಲಸವನ್ನೆಲ್ಲ ತಾರೀಖು ಸಹಿತ ಬರೆದಿಟ್ಟೆ. ಈ ಎಂಜಿನ್ನಿನ ಒಳಗೆ ಹಲ್ಲುಳ್ಳ ರಬ್ಬರಿನ ಬೆಲ್ಟೊಂದುಂಟು. ಪಿಸ್ಟನ್ನುಗಳಿಗೂ ಕವಾಟಗಳಿಗೂ ತಾಳಮೇಳವನ್ನು ಕಾಯುವುದು ಅದೇ. ಅರವತ್ತು ಸಾವಿರ ಮೈಲಿಗೊಮ್ಮೆ ಅದನ್ನು ಬದಲಾಯಿಸಬೇಕು. ಕೆಲವು ಕಾರುಗಳಲ್ಲಿ ಅದು ತುಂಡಾದರೆ ಪಿಸ್ಟನ್ನು ಕವಾಟಗಳಿಗೆ ಬಡಿದು ಎಂಜಿನ್ನೇ ಹಾಳಾಗುತ್ತದೆ. ನನ್ನ ಕಾರಿನಲ್ಲಿ ಅಂಥ ಅನಾಹುತವಿಲ್ಲ, ನಡುದಾರಿಯಲ್ಲಿ ನಿಲ್ಲುತ್ತದೆ ಅಷ್ಟೆ. ಆದರೂ ಬದಲಾಯಿಸಿದೆ. ನೀರಿನ ಪಂಪನ್ನು ತಲುಪಬೇಕಾದರೆ ಹೇಗೂ ಈ ಬೆಲ್ಟನ್ನು ಕಳಚಲೇಬೇಕಾದ್ದರಿಂದ ಅದನ್ನೂ ಜೊತೆಯಲ್ಲೇ ಹೊಸದು ಮಾಡಿದೆ. ರೇಡಿಯೇಟರಿನ ಪ್ಲಾಸ್ಟಿಕ್ ತಲೆ ಕರಿಯ ಬಣ್ಣ ಕಳೆದುಕೊಂಡು ಕಂದಿದ್ದರೆ ಬಿರುಕು ದೂರವಿಲ್ಲವೆಂದು ತಿಳಿಯಬೇಕು, ಅದನ್ನೂ ತೆಗೆಸಿದೆ. ಹೊದಿಕೆಯ ಮೇಲೆ ಬಿದ್ದ ಮಳೆನೀರು ಸೀಟುಗಳ ಹಿಂದಿನ ಎರಡು ಕೊಳವೆಗಳಲ್ಲಿ ಇಳಿದು ಹೋಗುತ್ತದೆ. ಅಲ್ಲಿ ತರಗೆಲೆ ಕಟ್ಟಿಕೊಂಡರೆ ನೀರು ನಿಂತು ಬಾಗಿಲ ಕೆಳಗಿನ ತಗಡು ಒಳಗಿನಿಂದ ತುಕ್ಕು ಹಿಡಿಯುತ್ತದೆ. ಪ್ರತಿ ಶರತ್ಕಾಲದಲ್ಲೂ ಮೆತ್ತನೆಯ ನೈಲಾನ್ ಹುರಿಯನ್ನು ತೂರಿಸಿ ಅವನ್ನು ಬಿಡಿಸಿದೆ.

ಇಷ್ಟೆಲ್ಲ ಮಾಡಿದವನು ಒಂದು ಕೆಲಸವನ್ನು ಮಾಡಲಿಲ್ಲ. ಬ್ರೇಕ್ ಆಯಿಲನ್ನು ಬದಲಾಯಿಸಲಿಲ್ಲ. ಎರಡು ವರ್ಷಕ್ಕೊಮ್ಮೆ ಬದಲಾಯಿಸುವುದು ಕ್ಷೇಮವೆಂದು ಓದಿದ್ದೆ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದೂ ಇದ್ದೆ. ಆದರೆ ಬ್ರೇಕು ಚೆನ್ನಾಗಿಯೇ ಹಿಡಿಯುತ್ತಿತ್ತು. ಡಬ್ಬಿಯಲ್ಲಿ ಆಯಿಲ್ ಗೆರೆಯ ಮಟ್ಟಕ್ಕೇ ಇತ್ತು. ಕಿರುಗುಟ್ಟದ ಗಾಡಿಗೆ ಎಣ್ಣೆ ಏತಕ್ಕೆ? ಹೀಗೆ ನಾಲ್ಕು ಆಯುಧಪೂಜೆಗಳು ಕಳೆದವು. ನಾಲ್ಕು ಸಲವೂ ಕಾರನ್ನು ತೊಳೆದು, ಅರಿಶಿನ ಕುಂಕುಮ ಹಚ್ಚಿ, ಹೂವಿನ ಹಾರ ಹಾಕಿ, ಗಾಲಿಗಳ ಕೆಳಗೆ ನಿಂಬೆಹಣ್ಣಿಟ್ಟು ಹಾಯಿಸಿದೆ. ನಾಲ್ಕು ಸಲವೂ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳಕ್ಕೆ ಕುಂಕುಮವಿಟ್ಟೆ, ಮುಚ್ಚಳವನ್ನು ತೆರೆಯಲಿಲ್ಲ.

೨೦೧೫ರ ಸೆಪ್ಟೆಂಬರಿನಲ್ಲಿ ನಾನೂ ನನ್ನ ಪತ್ನಿಯೂ ಟ್ರೇಲ್ ರಿಜ್ ರಸ್ತೆಯನ್ನು ನೋಡಲು ಹೊರಟೆವು. ರಾಕಿ ಪರ್ವತಗಳ ರಾಷ್ಟ್ರೀಯ ಉದ್ಯಾನದಲ್ಲಿ ೧೨,೧೮೩ ಅಡಿಯ ಎತ್ತರಕ್ಕೆ ಏರುವ ದಾರಿ ಅದು. ಮರಗಳೂ ಬೆಳೆಯಲಾರದ ಎತ್ತರ. ಹೊದಿಕೆ ಮಡಚಿದ್ದೆವು. ಕೆಳಗಿನ ಕಣಿವೆಗಳಲ್ಲಿ ಆಸ್ಪೆನ್ ಮರಗಳು ಹೊಂಬಣ್ಣಕ್ಕೆ ತಿರುಗಿದ್ದವು. ಎಸ್ಟೆಸ್ ಪಾರ್ಕ್ ಊರಿನ ಕಡೆಗೆ ಇಳಿಯುವಾಗ, ಕೆಳಗಿನ ಗೇರಿನಲ್ಲಿ ಇಳಿಯಿರೆಂಬ ಫಲಕವನ್ನು ಕಂಡೂ, ಮಾತಿನ ಸಂಭ್ರಮದಲ್ಲಿ ನಾಲ್ಕನೆಯ ಗೇರಿನಲ್ಲೇ ಬ್ರೇಕನ್ನು ಮತ್ತೆ ಮತ್ತೆ ತುಳಿಯುತ್ತ ಮೈಲಿಗಟ್ಟಲೆ ಬಂದೆ. ಒಂದು ತಿರುವಿನ ಮುಂದೆ ಪೆಡಲನ್ನು ತುಳಿದಾಗ ಅದು ಹತ್ತಿಯ ಮೂಟೆಯನ್ನು ತುಳಿದಂತೆ ಮೆತ್ತಗೆ ತಳದವರೆಗೂ ಇಳಿಯಿತು. ಕಾರು ನಿಧಾನವಾಗಲಿಲ್ಲ.

ಆ ಕೆಲವು ಕ್ಷಣಗಳನ್ನು ಬಣ್ಣಿಸುವ ಆಸೆ ನನಗಿಲ್ಲ. ಪೆಡಲನ್ನು ಪದೇ ಪದೇ ಒದ್ದೆ, ಮೂರನೆಯ ಗೇರಿಗೆ, ಎರಡನೆಯದಕ್ಕೆ ಎಳೆದೆ, ಎಂಜಿನ್ನು ಅರಚಿತು. ತಂತಿಯಿಂದ ಹಿಂದಿನ ಗಾಲಿಗಳನ್ನು ಹಿಡಿಯುವ ಕೈಬ್ರೇಕು ಇನ್ನೂ ಕೆಲಸ ಮಾಡುತ್ತಿತ್ತು. ತಿರುವನ್ನು ದಾಟಿ, ನೋಟಗಾರರಿಗೆಂದು ಬಿಟ್ಟ ಬಯಲೊಂದರಲ್ಲಿ ಕಾರು ನಿಂತಿತು. ನನ್ನ ಪತ್ನಿ ಬಾಗಿಲ ಹಿಡಿಯನ್ನು ಹಿಡಿದ ಕೈಯನ್ನು ಬಹಳ ಹೊತ್ತು ಬಿಡಲಿಲ್ಲ. ಆಮೇಲೆ ಒಂದೇ ಮಾತು ಕೇಳಿದಳು: “ಇದು ನಿಮಗೆ ಮೊದಲೇ ಗೊತ್ತಿತ್ತೇ?”

ಗೊತ್ತಿರಲಿಲ್ಲವೆಂದು ಹೇಳುವಂತಿರಲಿಲ್ಲ. ಬ್ರೇಕ್ ಆಯಿಲ್ ಎಂಬುದು ಹೆಸರಿಗೆ ಮಾತ್ರ ಎಣ್ಣೆ. ನಿಜಕ್ಕೂ ಗ್ಲೈಕಾಲ್ ಜಾತಿಯ ದ್ರವ. ಗಾಳಿಯಲ್ಲಿನ ತೇವವನ್ನು, ಮಳೆಗಾಲದ ಉಪ್ಪಿನಂತೆ, ಹೀರಿಕೊಳ್ಳುವುದು ಅದರ ಗುಣ. ಹೊಸದಾಗಿರುವಾಗ ಡಾಟ್ ೩ ದರ್ಜೆಯ ದ್ರವ ೨೦೫ ಸೆಂಟಿಗ್ರೇಡಿನವರೆಗೂ ಕುದಿಯಬಾರದೆಂಬುದು ನಿಯಮ; ಶೇಕಡ ೩.೭ರಷ್ಟು ನೀರು ಸೇರಿದರೆ ಆ ಮಿತಿ ೧೪೦ಕ್ಕೆ ಇಳಿಯುತ್ತದೆ. ಇಳಿಜಾರಿನಲ್ಲಿ ಬ್ರೇಕನ್ನು ಎಡೆಬಿಡದೆ ಒತ್ತಿದಾಗ ಕಾವು ದ್ರವಕ್ಕೆ ಏರಿ ಅದು ಕುದಿಯುತ್ತದೆ, ಆವಿಯ ಗುಳ್ಳೆಗಳೇಳುತ್ತವೆ. ದ್ರವ ಒತ್ತಿದರೆ ಕುಗ್ಗದು, ಆವಿ ಕುಗ್ಗುತ್ತದೆ. ಕಾಲಿನ ಬಲವೆಲ್ಲ ಗುಳ್ಳೆಗಳನ್ನು ಹಿಸುಕುವುದರಲ್ಲೇ ಮುಗಿದು ಗಾಲಿಗೆ ತಲುಪುವುದಿಲ್ಲ. ತೇವವನ್ನು ಹೀರುವ ವಸ್ತುಗಳ ಪಾಠವನ್ನು ನಾನು ವರ್ಷ ವರ್ಷವೂ ತರಗತಿಯಲ್ಲಿ ಹೇಳಿದವನು. ನನ್ನ ಕಾರಿನೊಳಗಿನ ದ್ರವವೋ, ಕಡಲತೀರದ ತೇವದ ಗಾಳಿಯಲ್ಲಿ ಎಷ್ಟು ವರ್ಷ ಕಳೆದು ಬಂದಿತ್ತೋ ಏನೋ. ತಪ್ಪು ಕಾರಿನದಲ್ಲ, ಬಲ್ಲವನದು.

ಅರ್ಧ ಗಂಟೆ ಕಳೆದು ಬ್ರೇಕು ತಣ್ಣಗಾದ ಮೇಲೆ ಆವಿ ಮತ್ತೆ ದ್ರವವಾಗಿ, ಪೆಡಲು ಏನೂ ನಡೆದೇ ಇಲ್ಲವೆಂಬಂತೆ ಗಟ್ಟಿಯಾಯಿತು. ಹೆದರಬೇಕಾದದ್ದು ಇದಕ್ಕೇ. ಊರಿನ ಬೀದಿಗಳಲ್ಲಿ ಅದು ಇನ್ನೊಂದು ವರ್ಷ ಸುಮ್ಮನೆ ನಡೆಯುತ್ತಿತ್ತು. ಎರಡನೆಯ ಗೇರಿನಲ್ಲಿ ತೆವಳುತ್ತ ಕೆಳಗಿಳಿದೆವು. ಮನೆ ಸೇರುವವರೆಗೆ ಇಬ್ಬರೂ ಮಾತನಾಡಲಿಲ್ಲ. ಮಾರನೆಯ ದಿನವೇ ದ್ರವವನ್ನೆಲ್ಲ ಬದಲಾಯಿಸಿದೆ. ಅದರ ಬೆಲೆ ಇಲ್ಲಿನ ಹೋಟೆಲಿನಲ್ಲಿ ಎರಡು ಮಸಾಲೆದೋಸೆಗೆ ಕೊಡುವುದಕ್ಕಿಂತ ಕಡಮೆ. ಆದರೆ ನನ್ನ ಪತ್ನಿ ಮುಂದಿನ ಎರಡು ವರ್ಷ ಆ ಕಾರಿನಲ್ಲಿ ಕೂರಲಿಲ್ಲ. ಬೈಯಲೂ ಇಲ್ಲ, ಎಲ್ಲಿಗಾದರೂ ಹೊರಟರೆ ಇನ್ನೊಂದು ಕಾರಿನ ಬೀಗದಕೈ ತಂದು ನನ್ನ ಕೈಗಿಡುತ್ತಿದ್ದಳು.

೨೦೧೭ರ ಆಯುಧಪೂಜೆಯ ಹಿಂದಿನ ದಿನ, ಮತ್ತೆ ಬದಲಾಯಿಸುವ ಕಾಲ ಬಂದಿತ್ತು. ಇದು ಇಬ್ಬರ ಕೆಲಸ: ಒಬ್ಬರು ಒಳಗೆ ಕುಳಿತು ಪೆಡಲನ್ನು ಒತ್ತಿ ಹಿಡಿಯಬೇಕು, ಇನ್ನೊಬ್ಬರು ಗಾಲಿಯ ಬಳಿಯ ತಿರುಪನ್ನು ಬಿಚ್ಚಿ ಹಳೆಯ ದ್ರವವನ್ನು ಹೊರಕ್ಕೆ ಬಿಟ್ಟು, ಪೆಡಲನ್ನು ಬಿಡುವ ಮೊದಲೇ ಬಿಗಿಯಬೇಕು. ನಾಲ್ಕು ಗಾಲಿಗೂ ಹೀಗೆಯೇ, ಅತ್ಯಂತ ದೂರದ್ದರಿಂದ ಮೊದಲುಗೊಂಡು. ಪಕ್ಕದ ಮನೆಯ ಹುಡುಗನನ್ನು ಕರೆಯಲು ಹೊರಟಿದ್ದೆ. “ನಾನೇ ಒತ್ತುತ್ತೇನೆ” ಎಂದು ನನ್ನ ಪತ್ನಿ ಬಂದು ಸೀಟಿನಲ್ಲಿ ಕುಳಿತಳು. ನಾನು ನೆಲದ ಮೇಲೆ ಮಲಗಿ “ಒತ್ತು” ಎನ್ನುವುದು, ಅವಳು “ಒತ್ತಿದೆ ರೀ” ಎನ್ನುವುದು. ಹೀಗೆ ಒಂದು ಗಂಟೆ. ಕೊಳವೆಯಲ್ಲಿ ಮಂಕು ಬಣ್ಣದ್ದು ಹೋಗಿ ತಿಳಿಯಾದದ್ದು ಬಂತು.

ಕೆಲಸ ಮುಗಿದ ಮೇಲೂ ಅವಳು ಇಳಿಯಲಿಲ್ಲ. ಪೆಡಲನ್ನು ತಾನಾಗಿಯೇ ಇನ್ನೂ ನಾಲ್ಕಾರು ಸಲ ಒತ್ತಿ ನೋಡಿದಳು. “ಗಟ್ಟಿಯಾಗಿದೆ” ಎಂದಳು. ಆಮೇಲೆ ನೋಟ್‌ಬುಕ್ಕನ್ನು ಇಸಿದುಕೊಂಡು ತಾರೀಖನ್ನು ತಾನೇ ಬರೆದಳು. ಅಂದಿನಿಂದ ಆ ಪುಸ್ತಕ ಅವಳ ವಶದಲ್ಲಿದೆ. ಕಾರು ಈಗ ಎರಡು ಲಕ್ಷ ಮೈಲಿಯನ್ನು ದಾಟಿದೆ; ಅವಳು ಮತ್ತೆ ನನ್ನ ಪಕ್ಕದಲ್ಲಿ ಕೂರುತ್ತಾಳೆ. ಹೊರಡುವ ಮುನ್ನ ಮಾತ್ರ ಒಂದು ಸಲ ಪುಟ ತಿರುವಿ ನೋಡುತ್ತಾಳೆ.