ಅಜ್ಜಿಯ ಚೀಲ, ಮೊಮ್ಮಗಳ ಚೀಟಿ

ಮಕ್ಕಳೇ, ಬ್ಯಾಂಕಿನಲ್ಲಿ ಅಡವಿಟ್ಟು ಬಿಡಿಸಿಕೊಳ್ಳದ ಒಡವೆಗಳ ಹರಾಜಿನಲ್ಲಿ ‘ಒಂದು ಸಲ, ಎರಡು ಸಲ, ಮೂರು ಸಲ’ ಎಂದು ಕೂಗುತ್ತಿದ್ದರು. 1995ರಲ್ಲಿ ಅಮೆರಿಕದಲ್ಲಿ ಶುರುವಾದ ಇಬೇ ಈ ಕೂಗನ್ನು ಕಂಪ್ಯೂಟರಿಗೆ ತಂದಿತು. ಅಲ್ಲಿ ಮೊದಲು ಬಿಕರಿಯಾದದ್ದು ಕೆಟ್ಟುಹೋದ ಲೇಸರ್ ಪಾಯಿಂಟರ್, 14.83 ಡಾಲರಿಗೆ!

ಬಿಟಿಎಂ ಲೇಔಟಿನ ನಮ್ಮ ಮನೆಯಲ್ಲೂ ಮೊನ್ನೆ ಹರಾಜು ನಡೆಯಿತು. ಅಜ್ಜಿ ಹಿಂದೆ ಕಳೆದುಕೊಂಡಂಥದೇ ಹಳೆಯ ಚರ್ಮದ ಕೈಚೀಲವನ್ನು ಮೊಮ್ಮಗಳು ಆನ್‌ಲೈನ್‌ನಲ್ಲಿ ಕಂಡಳು. ಮೊದಲು ಹೊಲಿಗೆ, ಜಿಪ್, ಒಳಬಟ್ಟೆಯ ಫೋಟೋ ಕೇಳಿ ತರಿಸಿಕೊಂಡೆವು. ಆಮೇಲೆ ‘ಸಾಗಣೆ ಖರ್ಚೂ ಸೇರಿ 2,000 ರೂಪಾಯಿ, ಅಷ್ಟೇ’ ಎಂದು ಚೀಟಿ ಬರೆದಿಟ್ಟೆವು.

ಕೊನೆಯ ನಿಮಿಷದಲ್ಲಿ ಬೆಲೆ 2,100 ಆಯಿತು. ನನ್ನ ಬೆರಳು ತಡೆಯಲಿಲ್ಲ.

‘ತಾತ, ಚೀಟಿ!’ ಎಂದಳು ಮೊಮ್ಮಗಳು. ಕೈ ಹಿಂದೆಗೆದೆ. ಚೀಲ ಬೇರೆಯವರ ಪಾಲಾಯಿತು.

ಅಜ್ಜಿ ನಕ್ಕಳು: ‘ಚೀಲ ಹೋದರೇನು, ಅದರಲ್ಲಿಡೋ ದುಡ್ಡು ಉಳೀತಲ್ಲ!’