ಹಾಡಿನ ಅಂಕಿತವೂ ಬ್ಲಾಕ್‌ಚೈನೂ

ಕಲಬುರಗಿಯ ಸೀಮೆಯಲ್ಲಿ ಹಾಡಿಗೆ ಒಡೆಯರಿಲ್ಲವೆಂದು ಹೇಳತಕ್ಕವರು ತತ್ತ್ವಪದಗಳನ್ನು ಕಿವಿಗೊಟ್ಟು ಕೇಳಿದವರಲ್ಲವೆಂದೇ ನನ್ನ ಭಾವನೆ. ಕಡಕೋಳದ ಮಡಿವಾಳಪ್ಪನವರೂ, ಅವರ ಶಿಷ್ಯವರ್ಗದ ಚೆನ್ನೂರ ಜಲಾಲಸಾಹೇಬ, ಖೈನೂರ ಕೃಷ್ಣಪ್ಪ, ರಾಂಪುರದ ಬಕ್ಕಪ್ಪ ಮೊದಲಾದವರೂ ಕಟ್ಟಿದ ಪದಗಳು ಅಚ್ಚಿನ ಮನೆಯನ್ನು ಕಾಣುವುದಕ್ಕೆ ಬಹುಕಾಲ ಮುಂಚಿನಿಂದ ಕಂಠದಿಂದ ಕಂಠಕ್ಕೆ ಸಾಗಿ ಬಂದವಾದರೂ, ಅವುಗಳ ಕಡೆಯ ನುಡಿಯಲ್ಲಿ ಅಂಕಿತವು ಕೀಲಿಸಿದಂತೆ ಕುಳಿತಿರುವುದರಿಂದ, ಅಕ್ಷರವನ್ನೇ ಅರಿಯದ ಹಾಡುಗಾರನೂ ಅದನ್ನು ಬಿಟ್ಟು ಹಾಡಲಾರನು. ಬಿಟ್ಟನೆಂದರೆ ತಾಳ ತಪ್ಪುತ್ತದೆ, ಪದ ಮುಗಿಯುವುದಿಲ್ಲ. ಬಸವಣ್ಣನವರ ಕೂಡಲಸಂಗಮದೇವ, ಅಲ್ಲಮನ ಗುಹೇಶ್ವರ, ದಾಸರ ಪುರಂದರವಿಠಲ ಇವೆಲ್ಲವೂ ಭಕ್ತಿಯ ಕುರುಹುಗಳಾಗಿರುವಂತೆಯೇ ಕರ್ತೃತ್ವದ ಕುರುಹುಗಳೂ ಆಗಿವೆ.

ಯಂತ್ರವು ಹಾಡನ್ನು ಹಿಡಿದಿಡಲು ತೊಡಗಿದ ಮೊದಲ ದಿನಗಳಲ್ಲಿಯೂ ಇಂಥದೊಂದು ಉಪಾಯ ಬೇಕಾಯಿತು. 1902ರ ನವೆಂಬರಿನಲ್ಲಿ ಗ್ರಾಮೊಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯ ಹೋಟೆಲೊಂದರ ಕೋಣೆಯಲ್ಲಿ ತುತ್ತೂರಿಯನ್ನು ನಿಲ್ಲಿಸಿ ಗೌಹರ್ ಜಾನಳ ಗಾನವನ್ನು ಮುದ್ರಿಸಿಕೊಂಡಾಗ, ಸುಮಾರು ಮೂರು ನಿಮಿಷಗಳ ಆ ಹಾಡಿನ ಅಂತ್ಯದಲ್ಲಿ ಆಕೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಉಚ್ಚಸ್ವರದಿಂದ ಸಾರಿದಳು. ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯ ಕೆಲಸಗಾರರಿಗೆ ಯಾವ ಹಾಡು ಯಾರದೆಂದು ತಿಳಿಯಬೇಕಾದರೆ ಹೆಸರು ಹಾಡಿನೊಳಗೇ ಇರಬೇಕಾಗಿತ್ತು. ಆಕಾಶವಾಣಿಯವರು ಹಾಡಿದವರ ಹೆಸರನ್ನಲ್ಲದೆ ಹಾರ್ಮೋನಿಯಂ, ತಬಲಾ ಸಾಥಿದಾರರ ಹೆಸರುಗಳನ್ನೂ ಪ್ರಸಾರಮಾಡುವ ಪದ್ಧತಿಯನ್ನಿಟ್ಟುಕೊಂಡು ಈ ಮರ್ಯಾದೆಯನ್ನು ಮುಂದುವರಿಸಿದರು.

ಈಗಿನ ಸ್ಥಿತಿಯನ್ನು ನೋಡಬೇಕಾದರೆ ಕಲಬುರಗಿಯಿಂದ ಹುಮನಾಬಾದಿನ ದಾರಿ ಹಿಡಿದು, ಕೆಂಪು ಬಾಳೆಗೆ ಹೆಸರಾದ ಕಮಲಾಪುರದ ಸುತ್ತಣ ಯಾವುದಾದರೊಂದು ಹಳ್ಳಿಯಲ್ಲಿ ಅಮಾವಾಸ್ಯೆಯ ಭಜನೆಗೆ ಕುಳಿತುಕೊಳ್ಳಬೇಕು. ಗುಡಿಯ ಕಟ್ಟೆಯ ಮೇಲೆ ಮುಮ್ಮೇಳದವನು ಏಕತಾರಿಯನ್ನು ಹೆಗಲಿಗಾನಿಸಿ ಒಂದು ಕೈಯನ್ನು ಕಿವಿಗಿಟ್ಟು ಪದವನ್ನೆತ್ತುತ್ತಾನೆ. ದಮ್ಮಡಿಯವನೂ ತಾಳದವನೂ ಪೇಟಿಯವನೂ ಹಿಂದಿನಿಂದ ಸೊಲ್ಲು ಕೂಡಿಸುತ್ತಾರೆ. ಎದುರಿಗೆ ಕುಳಿತ ಹುಡುಗನೊಬ್ಬನು ಮೊಬೈಲನ್ನು ಹಿಡಿದು ಎಲ್ಲವನ್ನೂ ಚಿತ್ರೀಕರಿಸುತ್ತಾನೆ. ಬೆಳಗಾಗುವುದರೊಳಗೆ ಆ ಹಾಡು ಯೂಟ್ಯೂಬನ್ನೇರುತ್ತದೆ, 'ಸೂಪರ್ ಹಿಟ್ ಭಜನಾ ಪದ' ಎಂಬ ತಲೆಬರಹವನ್ನೂ ಚಾನೆಲ್ಲಿನ ಒಡೆಯನ ದೂರವಾಣಿ ಸಂಖ್ಯೆಯನ್ನೂ ಹೊತ್ತುಕೊಂಡು. ಹಾಡಿದವನ ಹೆಸರು ಒಮ್ಮೊಮ್ಮೆ ಕಾಣಿಸೀತು. ದಮ್ಮಡಿಯವನ ಹೆಸರಂತೂ ಕಾಣಿಸುವುದೇ ಇಲ್ಲ. ಇದಕ್ಕಿಂತ ವಿಪರೀತವಾದುದೆಂದರೆ, ಅದೇ ಸಾಂಪ್ರದಾಯಿಕ ಪದವನ್ನು ಹಿಂದೆಂದೋ ಕ್ಯಾಸೆಟ್ಟಿನಲ್ಲಿ ತಂದಿದ್ದ ಕಂಪನಿಯ ಹಕ್ಕೊತ್ತಾಯಕ್ಕೆ, ತನ್ನ ಅಜ್ಜನಿಂದ ಕಲಿತ ಹಾಡನ್ನು ಹಾಡಿದವನೇ ಉತ್ತರ ಕೊಡಬೇಕಾಗಿ ಬರುವುದೂ ಉಂಟು.

ಇದು ಬಡವರ ಹಾಡಿಗೆ ಮಾತ್ರ ಒದಗಿದ ಅವಸ್ಥೆಯೆಂದು ತಿಳಿಯಬಾರದು. ಧ್ವನಿಮುದ್ರಿಕೆಗಳಿಗೆ ಐಎಸ್‌ಆರ್‌ಸಿ ಎಂಬ ಹನ್ನೆರಡು ಅಕ್ಷರಾಂಕಗಳ ಗುರುತು ಇದ್ದಾಗ್ಯೂ, ಆ ಮುದ್ರಿಕೆಯನ್ನು ಸಾಹಿತ್ಯಕಾರ ಮತ್ತು ಸಂಯೋಜಕರ ಹೆಸರಿನೊಡನೆ ಜೋಡಿಸುವ ಲೋಕವ್ಯಾಪಿಯಾದ ಒಂದೇ ವಹಿಯನ್ನು ನಿರ್ಮಿಸಹೊರಟ ಯತ್ನವು 2014ರಲ್ಲಿ ಕುಸಿದುಬಿತ್ತು. ಅಮೆರಿಕದಲ್ಲಿ 2021ರ ಫೆಬ್ರವರಿಯಲ್ಲಿ ಸ್ಟ್ರೀಮಿಂಗ್ ಸಂಸ್ಥೆಗಳು, ಯಾರಿಗೆ ಸಲ್ಲಬೇಕೆಂದು ಗೊತ್ತಾಗದೆ ಉಳಿದಿದ್ದ ಸುಮಾರು 42 ಕೋಟಿ 40 ಲಕ್ಷ ಡಾಲರ್ ರಾಯಧನವನ್ನು ಆ ಕಾರ್ಯಕ್ಕೆಂದೇ ರಚಿತವಾದ ಸಂಸ್ಥೆಯ ವಶಕ್ಕೆ ಒಪ್ಪಿಸಿದುವು.

ಇಂಥ ರೋಗಕ್ಕೆ ಮದ್ದೆಂದು ಬ್ಲಾಕ್‌ಚೈನ್ ಬಂದಿತು. 2008ರಲ್ಲಿ ಸತೋಷಿ ನಕಮೊಟೊ ಎಂಬ ಮರೆಹೆಸರಿನಲ್ಲಿ ಪ್ರಕಟವಾದ ಬಿಟ್‌ಕಾಯಿನ್ ಲೇಖನದಿಂದ ಪ್ರಸಿದ್ಧಿಗೆ ಬಂದ ಈ ವಿದ್ಯೆಯ ತಿರುಳು ಕಠಿನವಾದುದಲ್ಲ. ನಿಜಾಮನ ಕಾಲದಲ್ಲಿ ಊರಿನ ಪಹಣಿ ಪಟವಾರಿಯ ದಫ್ತರದಲ್ಲಿ ಮಾತ್ರ ಇರುತ್ತಿತ್ತು, ಅವನು ಕೆರೆದು ತಿದ್ದಿದರೆ ಕೇಳುವವರು ಅಪರೂಪ. ಅದಕ್ಕೆ ಬದಲಾಗಿ ಅದೇ ಪಹಣಿಯ ಪ್ರತಿಯೊಂದು ಎಲ್ಲರ ಮನೆಯಲ್ಲಿಯೂ ಇದ್ದು, ಹೊಸ ಪುಟವೊಂದನ್ನು ಬರೆಯುವಾಗ ಹಿಂದಿನ ಪುಟದ ಗಣಿತಮುದ್ರೆಯೊಂದನ್ನು ಅದರ ನೆತ್ತಿಯ ಮೇಲೆ ಒತ್ತಬೇಕೆಂಬ ಕಟ್ಟಳೆಯಿದ್ದರೆ, ಹಳೆಯ ಪುಟದ ಒಂದಕ್ಷರವನ್ನು ತಿದ್ದಿದರೂ ಮುದ್ರೆಗಳು ಹೊಂದದೆ ಕಳವು ಬಯಲಾಗುವುದಷ್ಟೆ. ಈ ವಹಿಯೊಡನೆ 'ಸ್ಮಾರ್ಟ್ ಕಾಂಟ್ರಾಕ್ಟ್' ಎಂಬ ಸ್ವಯಂಚಾಲಿತ ಕರಾರೂ ಸೇರಿಕೊಂಡರೆ, ಹಾಡಿನಿಂದ ಬಂದ ಹಣದಲ್ಲಿ ಇಷ್ಟು ಮುಮ್ಮೇಳಕ್ಕೆ, ಇಷ್ಟು ದಮ್ಮಡಿಗೆ, ಇಷ್ಟು ಪೇಟಿಗೆ ಎಂದು ಮೊದಲೇ ಬರೆದಿಟ್ಟ ಪಾಲು, ನಡುವೆ ಯಾರ ಕೈಯೂ ಸೋಕದೆ ಅವರವರಿಗೆ ಸಲ್ಲುತ್ತದೆ.

2015ರಲ್ಲಿ ಆಂಗ್ಲ ಗಾಯಕಿ ಇಮೋಜೆನ್ ಹೀಪ್ 'ಟೈನಿ ಹ್ಯೂಮನ್' ಎಂಬ ಹಾಡನ್ನು ಎಥೀರಿಯಂ ಎಂಬ ಬ್ಲಾಕ್‌ಚೈನ್ ವ್ಯವಸ್ಥೆಯ ಮೇಲೆ ಹೀಗೆಯೇ ಬಿಡುಗಡೆಮಾಡಿ, ಜತೆಗೂಡಿ ನುಡಿಸಿದವರ ಪಾಲನ್ನೂ ಅದರಲ್ಲಿಯೇ ನಮೂದಿಸಿದಳು. ಸಂಪಾದನೆ ಅತ್ಯಲ್ಪವಾದರೂ ಅದು ಸದುದ್ದೇಶದ ಪ್ರಯೋಗ. 2021ರಲ್ಲಿ ಎದ್ದ, ಡಿಜಿಟಲ್ ಒಡೆತನದ ಪತ್ರಗಳನ್ನು ಬ್ಲಾಕ್‌ಚೈನಿನ ಮೇಲೆ ಮಾರುವ ಎನ್‌ಎಫ್‌ಟಿ ಎಂಬ ಜ್ವರವು ಬೇರೆಯ ಜಾತಿಯದು. 3ಎಲ್‌ಎಯು ಎಂಬ ಸಂಗೀತಗಾರನು ಹರಾಜಿನಲ್ಲಿ ಕೋಟಿಗೂ ಮಿಕ್ಕ ಡಾಲರುಗಳನ್ನು ಗಳಿಸಿದ್ದನ್ನು ಕಂಡು ಜಗತ್ತು ಬೆರಗಾಯಿತು, ಅಲ್ಪಕಾಲದಲ್ಲಿಯೇ ಪೇಟೆ ಇಳಿದುಹೋಯಿತು. ಅದನ್ನು ಸಂಗೀತದ ಇತಿಹಾಸದಲ್ಲಿ ಸೇರಿಸುವುದಕ್ಕಿಂತ ಸಟ್ಟಾ ವ್ಯಾಪಾರದ ಇತಿಹಾಸದಲ್ಲಿ ಸೇರಿಸುವುದೇ ಲೇಸು. ಎಥೀರಿಯಂ ವಿದ್ಯುತ್ತನ್ನು ನುಂಗುತ್ತದೆಂಬ ಆಕ್ಷೇಪವು ಮಾತ್ರ, ಅದು 2022ರ ಸೆಪ್ಟೆಂಬರಿನಲ್ಲಿ ವಹಿಗೆ ಹೊಸ ಪುಟ ಸೇರಿಸುವ ತನ್ನ ಕ್ರಮವನ್ನು ಬದಲಿಸಿದ ಮೇಲೆ ಬಹುಪಾಲು ನಿವಾರಣೆಯಾಗಿದೆ.

ನಿಜವಾದ ತೊಡಕಿರುವುದು ಮೊದಲನೆಯ ಪುಟದಲ್ಲಿ. ವಹಿಯು ತಾನು ಬರೆಸಿಕೊಂಡದ್ದನ್ನು ಕಾಪಾಡಬಲ್ಲುದೇ ಹೊರತು ಬರೆಸಿದವನು ಸತ್ಯವಂತನೋ ಅಲ್ಲವೋ ಎಂಬುದನ್ನು ಅರಿಯಲಾರದು. ಮಡಿವಾಳಪ್ಪನವರ ಪದಕ್ಕೆ ನಾನೇ ಕರ್ತೃವೆಂದು ಒಬ್ಬನು ಮೊದಲು ನಮೂದಿಸಿದರೆ ಆ ಸುಳ್ಳೂ ಅಳಿಸಲಾಗದ ಸುಳ್ಳಾಗಿ ನಿಲ್ಲುವುದು. ಅಂಕಿತದ ಚರಿತ್ರೆಯೇ ಇದಕ್ಕೆ ಸಾಕ್ಷಿ. ಅನ್ಯರ ಅಂಕಿತವನ್ನಿಟ್ಟು ಬರೆದ ಪ್ರಕ್ಷಿಪ್ತ ವಚನಗಳನ್ನು ಬೇರ್ಪಡಿಸಲು ನಮ್ಮ ವಿದ್ವಾಂಸರು ಓಲೆಗರಿಗಳನ್ನು ಹೋಲಿಸಿ ಹೋಲಿಸಿ ಆಯುಷ್ಯವನ್ನೇ ಸವೆಸಿದರು. ನಮ್ಮ ಕಾಲದಲ್ಲಿಯೇ ಮಾತೆ ಮಹಾದೇವಿಯವರು 'ಬಸವ ವಚನ ದೀಪ್ತಿ'ಯಲ್ಲಿ ಕೂಡಲಸಂಗಮದೇವ ಎಂಬ ಅಂಕಿತವನ್ನು ಲಿಂಗದೇವ ಎಂದು ಬದಲಿಸಿದಾಗ ಸರ್ಕಾರವು 1998ರಲ್ಲಿ ಆ ಗ್ರಂಥವನ್ನು ಮುಟ್ಟುಗೋಲು ಹಾಕಿಕೊಂಡಿತು. ಸುಪ್ರೀಂ ಕೋರ್ಟು 2017ರಲ್ಲಿ ಅದನ್ನು ಎತ್ತಿಹಿಡಿಯಿತು. ಅಲ್ಲಿ ಮೂಲಪಾಠವೇನೆಂಬುದು ಎಲ್ಲರಿಗೂ ತಿಳಿದಿದ್ದಿತು, ಆದಾಗ್ಯೂ ವಿವಾದ ತಪ್ಪಲಿಲ್ಲ.

ಕಾನೂನಂತೂ ಹಾಡುಗಾರರ ಪಕ್ಷದಲ್ಲಿಯೇ ಇದೆ. 1957ರ ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ಆದ ತಿದ್ದುಪಡಿಯು, ಹಾಡಿದವನಿಗೂ ನುಡಿಸಿದವನಿಗೂ ತಮ್ಮ ಪ್ರದರ್ಶನದ ವಾಣಿಜ್ಯೋಪಯೋಗದಲ್ಲಿ ರಾಯಧನದ ಹಕ್ಕನ್ನು ಕೊಟ್ಟಿತು. ಸಾಂಪ್ರದಾಯಿಕ ಪದಕ್ಕೆ ಸ್ವಾಮ್ಯವಿಲ್ಲದಿದ್ದರೂ, ಆ ರಾತ್ರಿ ಆ ಕಟ್ಟೆಯ ಮೇಲೆ ಹಾಡಿದ ಆ ಹಾಡುಗಾರಿಕೆಗೆ ಸ್ವಾಮ್ಯವುಂಟೆಂಬ ಸೂಕ್ಷ್ಮವು ನಮ್ಮ ಮೇಳಗಳವರಿಗೆ ತಿಳಿದಿಲ್ಲ. ತಿಳಿದರೂ ಹೆಸರೇ ದಾಖಲಾಗದಿದ್ದಮೇಲೆ ಹಕ್ಕನ್ನು ಸಲ್ಲಿಸುವುದು ಯಾರಿಗೆ?

ಪದದ ಮೇಲಣ ಹಕ್ಕು ಒಬ್ಬನದಲ್ಲದೆ ಒಂದು ಸೀಮೆಯದಾಗಿರುವಾಗ ಹೇಗೆಂಬುದಕ್ಕೆ ಕಮಲಾಪುರದಲ್ಲಿಯೇ ಒಂದು ಮಾದರಿಯಿದೆ. ಅಲ್ಲಿಯ ಕೆಂಪು ಬಾಳೆಗೆ ದೊರೆತಿರುವ ಭೌಗೋಳಿಕ ಸೂಚಕದ ನೋಂದಣಿಯು ಯಾವೊಬ್ಬ ರೈತನ ಸೊತ್ತೂ ಅಲ್ಲ. ಆ ನೆಲದಲ್ಲಿ ಬೆಳೆಯುವವರೆಲ್ಲರೂ ಅಧಿಕೃತ ಬಳಕೆದಾರರಾಗಿ ಹೆಸರನ್ನು ನೋಂದಾಯಿಸಿಕೊಳ್ಳಬಹುದು, ಹೊರಗಿನವನು ಆ ಹೆಸರನ್ನು ತನ್ನ ಬಾಳೆಗೆ ಹಚ್ಚುವಂತಿಲ್ಲ. ಹಾಡಿನ ವಹಿಯೂ ಹೀಗೆಯೇ ಎರಡು ಅಂಕಣಗಳದಾಗಬೇಕು: ಪದವು ಪರಂಪರೆಯ ಹೆಸರಿನಲ್ಲಿ, ಹಾಡುಗಾರಿಕೆ ಮೇಳದ ಪ್ರತಿಯೊಬ್ಬನ ಹೆಸರಿನಲ್ಲಿ. ಕಲಬುರಗಿಯ ಆಕಾಶವಾಣಿಯೂ ಗುಲಬರ್ಗಾ ವಿಶ್ವವಿದ್ಯಾಲಯವೂ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯವೂ ಕೂಡಿ ಮನಸ್ಸುಮಾಡಿದರೆ ಇದು ಅಸಾಧ್ಯವಲ್ಲ. ಊರೂರಿಗೆ ಹೋಗಿ, ಪದ ಯಾರದು, ಯಾರಿಂದ ಕಲಿತದ್ದು, ಈ ಹೊತ್ತು ದಮ್ಮಡಿ ನುಡಿಸಿದವರಾರು ಎಂದು ಕೇಳಿ ಬರೆದುಕೊಳ್ಳುವ ಕೆಲಸಕ್ಕೆ ಗಣಕಕ್ಕಿಂತ ಮೊದಲು ಮನುಷ್ಯರು ಬೇಕು. ಬರೆದ ಮೇಲೆ ಅದನ್ನು ನೆಚ್ಚಿಗೆಯ ಒಂದೇ ಸಂಸ್ಥೆ ಇಟ್ಟುಕೊಳ್ಳುವುದಾದರೆ ಸಾಮಾನ್ಯವಾದ ಗಣಕದ ಕಡತವೇ ಸಾಕು, ಬ್ಲಾಕ್‌ಚೈನಿನ ಖರ್ಚು ವ್ಯರ್ಥ. ಕಂಪನಿ, ಚಾನೆಲ್ಲು, ಮೇಳ ಎಂದು ಒಬ್ಬರನ್ನೊಬ್ಬರು ನಂಬದ ಪಕ್ಷಗಳು ಒಂದೇ ವಹಿಯಲ್ಲಿ ಬರೆಯಬೇಕಾಗಿ ಬಂದಲ್ಲಿ ಮಾತ್ರ ಅದರ ಉಪಯೋಗ, ಮತ್ತು ಆಗಲೂ ಮೇಳದವರ ಪಾಲು ರೂಪಾಯಿಯಲ್ಲಿ ನೇರವಾಗಿ ಬ್ಯಾಂಕಿಗೆ ಬರುವಂತಿರಬೇಕೇ ಹೊರತು, ಇಲ್ಲಿ ಶೇಕಡಾ 30ರ ತೆರಿಗೆಗೆ ಗುರಿಯಾದ ಕ್ರಿಪ್ಟೊ ನಾಣ್ಯದಲ್ಲಲ್ಲ.