ಹೊಲಿಗೆಗೆ ಹೆದರುವವರಿಗೆ ಎರಡು ಮಾತು

ಅಡಕೆ ಸುಲಿಯುವಾಗ ಮೆಟ್ಟುಗತ್ತಿ ತಾಗಿ, ಮರಗಸಿಯಲ್ಲಿ ಕತ್ತಿ ಜಾರಿ ಕೈ ಕೊಯ್ದುಕೊಳ್ಳುವುದು ನಮ್ಮ ಸದಸ್ಯ ಬಾಂಧವರಿಗೆ ಹೊಸತಲ್ಲ. ಕೊಯ್ದುಕೊಂಡಾಗ ತುಟಿ ಬಿಚ್ಚದವರೇ ಆಸ್ಪತ್ರೆಯಲ್ಲಿ ಸೂಜಿ ಕಂಡೊಡನೆ ಬೆವರುವುದನ್ನು ನಾವು ಕಂಡಿದ್ದೇವೆ. ಅರಸಿನ ಒತ್ತಿ, ಬಟ್ಟೆ ಸುತ್ತಿ, "ನಾಳೆ ನೋಡೋಣ" ಎನ್ನುವುದಕ್ಕೂ ಎಷ್ಟೋ ಸಲ ಈ ಹೆದರಿಕೆಯೇ ಕಾರಣ. ತಡವಾದಷ್ಟೂ ಗಾಯ ನಂಜಾಗುವ ಸಂಭವ ಹೆಚ್ಚು. ಮಣ್ಣು, ಗೊಬ್ಬರ ತಾಗಿದ್ದರೆ ಧನುರ್ವಾಯುವಿನ ಭಯ ಬೇರೆ.

ಬ್ರಿಟನ್ನಿನ ಹೆರಿಗೆ ವೈದ್ಯ ಗ್ರಾಂಟ್ಲಿ ಡಿಕ್-ರೀಡ್ 1933ರ ತಮ್ಮ ಪುಸ್ತಕದಲ್ಲಿ ಹೆರಿಗೆನೋವಿನ ಬಗ್ಗೆ ಒಂದು ಮಾತು ಹೇಳಿದರು: ಹೆದರಿಕೆಯಿಂದ ಮೈ ಬಿಗಿಯುತ್ತದೆ, ಬಿಗಿದ ಮೈಗೆ ನೋವು ಹೆಚ್ಚು, ನೋವು ಹೆಚ್ಚಿದಂತೆ ಹೆದರಿಕೆಯೂ ಹೆಚ್ಚು. ಹೆರಿಗೆನೋವೆಲ್ಲ ಹೆದರಿಕೆಯದೇ ಎಂದರೆ ನಮ್ಮ ಹೆಂಗಸರು ಒಪ್ಪಲಾರರು, ನಾವೂ ಒಪ್ಪುವುದಿಲ್ಲ. ಆದರೆ ಹೊಲಿಗೆ ಹಾಕುವ ಮೇಜಿನ ಮೇಲೆ ಈ ಮಾತು ಬಹುಮಟ್ಟಿಗೆ ನಿಜ.

ಹೊಲಿಗೆಯಲ್ಲಿ ಸಾಮಾನ್ಯವಾಗಿ ಹೆಚ್ಚು ಉರಿಯುವುದು ಮೊದಲು ಕೊಡುವ ಮರಗಟ್ಟಿಸುವ ಚುಚ್ಚುಮದ್ದು. ಆ ಹೊತ್ತನ್ನು ದಾಟುವುದೇ ಮುಖ್ಯ. ಮಲಗಿಕೊಳ್ಳಿ. ಹಲ್ಲು ಕಚ್ಚಬೇಡಿ, ಹೆಗಲು ಕೆಳಗೆ ಬಿಡಿ. ಮೂಗಿನಿಂದ ನಿಧಾನವಾಗಿ, ಹೊಟ್ಟೆ ಉಬ್ಬುವಂತೆ ಉಸಿರೆಳೆದು, ಎಳೆದದ್ದಕ್ಕಿಂತ ಹೆಚ್ಚು ಹೊತ್ತು ಹಿಡಿದು ಬಾಯಿಂದ ಬಿಡಿ. ಉಸಿರು ಬಿಡುವಾಗ ಸೂಜಿ ಹಾಕುವಂತೆ ಡಾಕ್ಟರಲ್ಲಿ ಕೇಳಬಹುದು; ನಾಚಿಕೆಯೇನಿಲ್ಲ. ಬೇಗಬೇಗ ದೀರ್ಘ ಉಸಿರೆಳೆದರೆ ಮಾತ್ರ ತಲೆ ತಿರುಗಿ, ಬೆರಳು ಜುಮ್ಮೆನ್ನುತ್ತದೆ. ಮೊದಲ ಸಲವೇ ಇದು ಕೈಹಿಡಿಯದು. ರಾತ್ರಿ ಮಲಗುವಾಗ ನಾಲ್ಕು ದಿನ ರೂಢಿ ಮಾಡಿರಿ.

ರಕ್ತ ಕಂಡರೆ ತಲೆ ಸುತ್ತಿ ಬೀಳುವವರ ವಿಚಾರ ಬೇರೆ. ಅವರಿಗೆ ರಕ್ತದೊತ್ತಡ ಇಳಿಯುವುದರಿಂದ ಮೈ ಸಡಿಲಬಿಟ್ಟರೆ ಸಾಲದು, ಬಿಗಿಯಬೇಕು. 1980ರ ದಶಕದಲ್ಲಿ ಸ್ವೀಡನ್ನಿನ ಮನಶ್ಶಾಸ್ತ್ರಜ್ಞರು ರೂಪಿಸಿದ ಕ್ರಮವಿದು: ತೊಡೆ, ಹೊಟ್ಟೆ, ಗಾಯವಿಲ್ಲದ ತೋಳು ಇವನ್ನು 10-15 ಸೆಕೆಂಡು ಬಿಗಿಹಿಡಿಯಿರಿ, ಮುಖ ಬೆಚ್ಚಗಾಗುತ್ತಲೇ ಬಿಡಿ, ಅರ್ಧ ನಿಮಿಷ ತಡೆದು ಮತ್ತೆ ಬಿಗಿಯಿರಿ. ಹೀಗೆ ಐದು ಸಲ. ಹೊಲಿಗೆ ಬೀಳುವ ಕೈ ಮಾತ್ರ ಸಡಿಲವಿರಲಿ. ಹಿಂದೆ ಹೀಗೆ ಬಿದ್ದದ್ದಿದ್ದರೆ ಮೊದಲೇ ಹೇಳಿ, ಮಲಗಿಕೊಂಡೇ ಹೊಲಿಗೆ ಹಾಕಿಸಿಕೊಳ್ಳಿ.

ಉಸಿರಾಟವೊಂದೇ ಸಾಕು, ಮರಗಟ್ಟಿಸುವ ಮದ್ದು ಬೇಡ ಎಂಬ ಪೌರುಷ ಯಾರಿಗೂ ಬೇಡ. ಮದ್ದು ಹತ್ತಲು ಕೆಲವು ನಿಮಿಷ ಬೇಕು. ಆಮೇಲೂ ಎಳೆದಂತೆ, ಒತ್ತಿದಂತೆ ಅನಿಸುವುದು ಸಹಜ. ಚುಚ್ಚಿದ ನೋವೇ ತಿಳಿಯುತ್ತಿದ್ದರೆ ತಡೆದುಕೊಳ್ಳದೆ ಹೇಳಿಬಿಡಿ, ಮದ್ದನ್ನು ಇನ್ನಷ್ಟು ಕೊಡಬಹುದು. ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿಕೊಂಡು ಎಷ್ಟು ವರ್ಷವಾಯಿತೆಂಬುದನ್ನೂ ತಿಳಿಸಿ. ಅದನ್ನು ತೋಳಿಗೇ ಹಾಕುತ್ತಾರೆ. ಆಗ ತೋಳು ಜೋತುಬಿಟ್ಟರಾಯಿತು.